ಮಾರಾಟಕ್ಕಿದ್ದ ವಿಟ್‌ಕಮ್ ಮನೆ

ಪ್ಲಮ್ ಲ್ಯಾಂಡಿಂಗ್, ಅಯೋವಾ
12 ಅಕ್ಟೋಬರ್ 1987

ಶ್ರೀಮತಿ ರೋಸಲಿಂಡ್ ಡೇರೋ ಅವರಿಗೆ,

ಮನೆಯ ಬಗ್ಗೆ ನೀವು ಡುವೇನ್ ಟಿಬಟ್ಸ್‌ಗೆ ಬರೆದ ಕಾಗದವನ್ನು ಅವನು ತಂದು ನನ್ನ ಊಟದ ಮೇಜಿನ ಮೇಲೆ ಒಗೆದು ಹೋದ. ಮನೆ ಮಾರಿಸಿಕೊಡುವುದು ಅವನ ಕಸುಬು. ಆದರೂ ಯಾರಾದರೂ ಎರಡು ಪ್ರಶ್ನೆ ಕೇಳಿದರೆ ಅವನಿಗೆ ತಲೆನೋವು ಬರುತ್ತದೆ. ಮನೆ ನನ್ನದು, ಉತ್ತರ ನಾನೇ ಕೊಡುತ್ತೇನೆ. ಫೋನು ಮಾಡಬೇಡಿ, ನನಗೆ ಕಿವಿ ಮಂದ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಬರವಣಿಗೆಯಲ್ಲಿ ನಯ ನಾಜೂಕು ಹುಡುಕಬೇಡಿ.

‘ವಿಕ್ಟೋರಿಯಾ ಕಾಲದ ಐತಿಹಾಸಿಕ ಮನೆ, ತುಸು ಪ್ರೀತಿ ಬೇಕಿದೆ’ ಎಂದು ಡುವೇನ್ ಜಾಹೀರಾತು ಕೊಟ್ಟಿದ್ದಾನೆ. ಅದಕ್ಕೆ ಬೇಕಿರುವುದು ಚಾವಣಿ. ಗೋಪುರದ ಕೋಣೆಯಲ್ಲಿ ನಿಂತರೆ ಆಕಾಶ ಕಾಣುತ್ತದೆ. ಅಟ್ಟದ ತುಂಬ ಬಾವಲಿ. ಮುಂದಿನ ವರಾಂಡಾ ಕುಡುಕನ ಹಾಗೆ ಒಂದು ಕಡೆಗೆ ವಾಲಿದೆ. ಹಿಮ ಕರಗಿದಾಗ ನೆಲಮಾಳಿಗೆಗೆ ನೀರು ಬರುತ್ತದೆ. ಹಳೇ ಮರದ ಗೋಡೆಯ ಮೇಲೆ ನನ್ನ ಗಂಡ ಎಮಿಲ್ ಐವತ್ತರ ದಶಕದಲ್ಲಿ ಆಸ್ಬೆಸ್ಟಾಸ್ ಹಾಳೆ ಹೊಡೆಸಿದ, ಚಳಿಗೆ ಒಳ್ಳೆಯದು ಎಂದು. ಅವನು ಸತ್ತ. ಹಾಳೆ ಗಟ್ಟಿಯಾಗಿದೆ.

ಎರಡು ಚಳಿಗಾಲದಿಂದ ಮನೆ ಖಾಲಿ. ನನ್ನ ಎಡಗಾಲು ಮೆಟ್ಟಿಲಿಗೆ ಆಗುವುದಿಲ್ಲ. ಅದಕ್ಕೆ ಚರ್ಚಿನ ಹಿಂದೆ ಒಂದಂತಸ್ತಿನ ಮನೆಯಲ್ಲಿದ್ದೇನೆ. ರಿಪೇರಿ ಮಾಡಿಸು, ಇಲ್ಲವೇ ಬೀಳಿಸು ಎಂದು ಪುರಸಭೆಯವರು ಕುತ್ತಿಗೆಯ ಮೇಲೆ ಕೂತಿದ್ದಾರೆ. ಯಾರು ತೆಗೆದುಕೊಂಡರೂ ನನಗೆ ಸರಿ. ಆದರೆ ಪೋರ್ಟ್‌ಲ್ಯಾಂಡಿನಂಥ ಊರಲ್ಲಿ ಬೆಚ್ಚಗಿರುವ ನಿಮಗೆ ಅಷ್ಟು ದೂರದಿಂದ ಬಂದು ಈ ಕೊಂಪೆ ಕೊಳ್ಳುವ ಹುಚ್ಚು ಯಾಕೆ ಎಂದು ತಿಳಿಯಲಿಲ್ಲ.

ಹುಲ್ಡಾ ರೀಮರ್ಸ್

*

ಪೋರ್ಟ್‌ಲ್ಯಾಂಡ್, ಒರೆಗನ್
24 ಅಕ್ಟೋಬರ್ 1987

ಪ್ರಿಯ ಶ್ರೀಮತಿ ರೀಮರ್ಸ್,

ನಿಮ್ಮ ಪತ್ರ ಓದಿ ನಗು ಬಂತು, ಸಂತೋಷವೂ ಆಯಿತು. ಎಷ್ಟು ನೇರ ಮಾತು. ಇಲ್ಲಿ ನನ್ನೊಡನೆ ಎಲ್ಲರೂ ಹತ್ತಿಯಲ್ಲಿ ಸುತ್ತಿದ ಮಾತಾಡುತ್ತಾರೆ.

ಯಾಕೆ ಎಂದು ಕೇಳಿದ್ದೀರಿ. ಮದುವೆಗೆ ಮುಂಚೆ ನಾನು ರೋಸಲಿಂಡ್ ವಿಟ್‌ಕಮ್. ನದಿಯ ಕಪ್ಪೆಚಿಪ್ಪಿನಿಂದ ಅಂಗಿಗುಂಡಿ ಮಾಡುವ ಕಾರ್ಖಾನೆಯ ಹೊರೇಸ್ ವಿಟ್‌ಕಮ್ ನನ್ನ ತಾತ. ಆ ಮನೆ ಕಟ್ಟಿಸಿದ್ದು ಅವರ ತಂದೆ. ಎಂಟು ವರ್ಷದವಳಾಗುವವರೆಗೆ ನಾನು ಅಲ್ಲೇ ಬೆಳೆದೆ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಈಗ ನನಗೆ ಬೇಕಿರುವುದು ಆ ಮನೆಯೊಂದೇ. ಅಲ್ಲೇ ಇದ್ದು, ಅಲ್ಲೇ ಕಣ್ಣು ಮುಚ್ಚಬೇಕು. ಬಾವಲಿ, ನೀರು, ವಾಲಿದ ವರಾಂಡಾ, ಯಾವುದೂ ನನ್ನನ್ನು ಹೆದರಿಸುವುದಿಲ್ಲ.

ದಾರಿಯ ತುಂಬ ತೂತು ಬಿದ್ದ ಕಪ್ಪೆಚಿಪ್ಪು ಹಾಸಿರುತ್ತಿತ್ತು, ಗುಂಡಿ ಕೊರೆದು ಮಿಕ್ಕದ್ದು. ಬರಿಗಾಲಲ್ಲಿ ಓಡಿದರೆ ತಾತ ಬೈಯುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಬಣ್ಣದ ಗಾಜಿನ ಕಿಟಕಿ ಇತ್ತು, ಅದು ಇನ್ನೂ ಇದೆಯೇ?

ಇನ್ನೊಂದು ಪ್ರಶ್ನೆ. ಮನೆಗೆಲಸಕ್ಕೆ ಮಿನ್ನಿ ಎಂಬ ಹುಡುಗಿ ಇದ್ದಳು. ನಮ್ಮ ಮನೆಯವಳ ಹಾಗೇ. ನಮಗಿಬ್ಬರಿಗೂ ಒಂದು ಆಟ. ಪ್ರತಿ ಕೋಣೆಯ ಗೋಡೆಯಲ್ಲೂ ಒಂದು ಒತ್ತುಗುಂಡಿ, ಒತ್ತಿದರೆ ಕೆಳಗೆ ಅಡುಗೆಮನೆಯಲ್ಲಿ ಗಂಟೆ. ನಾನು ಒತ್ತಿ ಬೇರೆ ಕೋಣೆಗೆ ಓಡುತ್ತಿದ್ದೆ. ಮಿನ್ನಿ ಹಿಂದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ, ಇನ್ನೊಂದು ಕೋಣೆಯಿಂದ ಗಂಟೆ. ನಾವಿಬ್ಬರೂ ಎಷ್ಟು ನಗುತ್ತಿದ್ದೆವು. ಆಮೇಲೆ ಅವಳು ಮದುವೆಯಾಗಿ ಹೋದಳು ಎಂದು ಅಜ್ಜಿ ಹೇಳಿದ ನೆನಪು. ಅವಳ ಸುದ್ದಿ ನಿಮಗೇನಾದರೂ ಗೊತ್ತೇ?

ನಿಮ್ಮ,
ರೋಸಲಿಂಡ್

*

ಪ್ಲಮ್ ಲ್ಯಾಂಡಿಂಗ್
9 ನವೆಂಬರ್ 1987

ಶ್ರೀಮತಿ ಡೇರೋ ಅವರಿಗೆ,

ನೀವು ವಿಟ್‌ಕಮ್ ಎಂದು ಮೊದಲೇ ಹೇಳಬಹುದಿತ್ತು.

ಬಣ್ಣದ ಗಾಜು ಇದೆ. ಕೆಳಗಿನ ಎಡ ಮೂಲೆಯ ಕೆಂಪು ಚೂರು ಒಡೆದು ಎಮಿಲ್ ಹಲಗೆ ಹೊಡೆದಿದ್ದಾನೆ. ಕಪ್ಪೆಚಿಪ್ಪು ಈಗಲೂ ನೆಲ ಅಗೆದಲ್ಲೆಲ್ಲ ಸಿಗುತ್ತದೆ. ಎಮಿಲ್ ನಿಮ್ಮ ತಾತನ ಕಾರ್ಖಾನೆಯಲ್ಲಿ ಹದಿನಾರನೇ ವಯಸ್ಸಿನಿಂದ ಚಿಪ್ಪು ಕೊರೆದವನು. ಆ ಧೂಳು ಅವನ ಎದೆಯಲ್ಲೇ ಉಳಿಯಿತು, ಅದರಲ್ಲೇ ಹೋದ. ಪ್ಲಾಸ್ಟಿಕ್ ಗುಂಡಿ ಬಂದು ಕಾರ್ಖಾನೆ ಮುಚ್ಚಿ ನಿಮ್ಮವರು ಮನೆ ಹರಾಜಿಗಿಟ್ಟಾಗ ಕೂಗಿದವರು ನಾವೊಬ್ಬರೇ. ಊರಿನವರು ನಕ್ಕರು. ‘ಏನ್ ಎಮಿಲ್, ಗೋಪುರದಲ್ಲಿ ಕೋಳಿ ಸಾಕ್ತೀಯಾ?’ ಎಂದರು. ಮನೆ ತೆಗೆದುಕೊಳ್ಳೋಣ ಎಂದು ಹಟ ಹಿಡಿದವಳು ನಾನು.

ನೀವು ಕೇಳಿದ ಹುಡುಗಿ ಬದುಕಿದ್ದಾಳೆ. ಇದೇ ಊರಿನಲ್ಲಿದ್ದಾಳೆ. ಅವಳ ವಿಷಯ ನನ್ನಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲ. ಗಂಟೆಯ ಆಟದಲ್ಲಿ ಅವಳು ನಕ್ಕದ್ದು ಮಾತ್ರ ನನಗೆ ನೆನಪಿಲ್ಲ.

ಡುವೇನ್ ಅಂಗಳದಲ್ಲಿ ನೆಟ್ಟ ‘ಮಾರಾಟಕ್ಕಿದೆ’ ಬೋರ್ಡನ್ನು ನಿನ್ನೆ ನಾನೇ ಹೋಗಿ ಕಿತ್ತು ಹಾಕಿದೆ. ‘ಯಾರಾದ್ರೂ ಸಿಕ್ಕಿದ್ರಾ ಮಿಸೆಸ್ ರೀಮರ್ಸ್?’ ಎಂದ. ‘ಸಿಕ್ಕಿದಾರೆ, ನಿನ್ನ ಕೆಲಸ ಮುಗೀತು’ ಎಂದೆ. ಇನ್ನು ಮೇಲೆ ನಾವಿಬ್ಬರೇ ಕಾಗದದಲ್ಲಿ ಮಾತಾಡೋಣ. ನಡುವೆ ಯಾರೂ ಬೇಡ.

ಹುಲ್ಡಾ ರೀಮರ್ಸ್

*

ಪೋರ್ಟ್‌ಲ್ಯಾಂಡ್
1 ಡಿಸೆಂಬರ್ 1987

ಪ್ರಿಯ ಹುಲ್ಡಾ,

ಹಾಗೆ ಕರೆಯಬಹುದಲ್ಲವೇ? ಬೋರ್ಡು ಕಿತ್ತ ಸುದ್ದಿ ಓದಿ ಅತ್ತೇಬಿಟ್ಟೆ. ಕರಾರು ಪತ್ರವಿಲ್ಲದೆ ಒಂದು ಹೆಜ್ಜೆಯೂ ಇಡಬೇಡ ಎಂದು ಮಗ ಆ್ಯಲನ್ ಗೊಣಗುತ್ತಿದ್ದಾನೆ. ‘ನಿನಗೆ ಆ ಊರು ಗೊತ್ತಿಲ್ಲ ಕಣೋ. ಅಲ್ಲಿ ಬಾಯಿಮಾತು ಅಂದ್ರೆ ಮುಗೀತು’ ಎಂದೆ. ತಾತ ಕೂಡ ಕೈ ಕುಲುಕಿಯೇ ಊರನ್ನೆಲ್ಲ ನಡೆಸಿದವರು.

ನಿಮ್ಮ ಯಜಮಾನರು ನಮ್ಮ ಕಾರ್ಖಾನೆಯಲ್ಲಿದ್ದರು ಎಂದು ತಿಳಿದು ಆತ್ಮೀಯತೆ ಹೆಚ್ಚಾಯಿತು. ನಾವು ಪರಕೀಯರೇ ಅಲ್ಲ.

ಮಿನ್ನಿ ಇದ್ದಾಳೆಂದರೆ ನಂಬಲಾಗುತ್ತಿಲ್ಲ. ಎಷ್ಟು ವಯಸ್ಸಾಗಿರಬಹುದು, ಎಪ್ಪತ್ತು? ನನಗೊಂದು ಯೋಚನೆ ಬಂದಿದೆ, ನೀವು ಅವಳನ್ನು ಕೇಳಿ ನೋಡಿ. ನಾನು ಬಂದ ಮೇಲೆ ವಾರಕ್ಕೆ ಒಂದೆರಡು ದಿನ ಅವಳು ಮನೆಗೆ ಬರಲಿ. ಭಾರದ ಕೆಲಸ ಬೇಡ. ಬೆಳ್ಳಿ ಪಾತ್ರೆ ಉಜ್ಜುವುದು, ಮೇಜುಬಟ್ಟೆ ಮಡಿಸುವುದು, ಅಷ್ಟೇ. ಕೂಲಿ ಸರಿಯಾಗಿಯೇ ಕೊಡುತ್ತೇನೆ. ಮತ್ತೆ ಆ ಮನೆಯೊಳಗೆ ಓಡಾಡುವುದು ಅವಳಿಗೂ ಎಷ್ಟು ಖುಷಿಯಾಗಬಹುದು. ಅಡುಗೆಮನೆಯಲ್ಲಿ ಅವಳ ಕುರ್ಚಿ ಎಲ್ಲಿತ್ತು ಎಂಬುದೂ ನನಗೆ ನೆನಪಿದೆ, ಅಲ್ಲೇ ಇಡಿಸೋಣ.

ಅಂದ ಹಾಗೆ, ಮೆಟ್ಟಿಲಿನ ತಿರುವಿನಲ್ಲಿ ಬಣ್ಣದ ಗಾಜಿನ ಕಿಟಕಿ ಇತ್ತು. ಅದು ಇನ್ನೂ ಇದೆಯೇ?

ಪ್ರೀತಿಯಿಂದ,
ರೋಸಲಿಂಡ್

*

ಪ್ಲಮ್ ಲ್ಯಾಂಡಿಂಗ್
8 ಫೆಬ್ರವರಿ 1988

ಶ್ರೀಮತಿ ಡೇರೋ ಅವರಿಗೆ,

ಉತ್ತರ ತಡವಾಯಿತು. ಕ್ರಿಸ್‌ಮಸ್‌ಗೆ ನೀವು ಕಳಿಸಿದ ಕಾರ್ಡು, ಆಮೇಲಿನ ಎರಡು ಕಾಗದ, ಎಲ್ಲ ಬಂದಿವೆ. ಯೋಚಿಸುವುದಿತ್ತು.

ಗಾಜಿನ ವಿಷಯ ನವೆಂಬರಿನಲ್ಲೇ ಬರೆದಿದ್ದೆ. ನಮ್ಮಂಥವರು ಬರೆದದ್ದನ್ನು ಪೂರ್ತಿ ಓದುವ ಅಭ್ಯಾಸ ನಿಮ್ಮವರಿಗೆ ಹಿಂದೆಯೂ ಇರಲಿಲ್ಲ.

ನೀವು ಹೇಳಿದ ಹಾಗೆ ಅವಳನ್ನು ಕೇಳಿದೆ. ‘ರೋಸಲಿಂಡ್ ಅಮ್ಮಾವ್ರು ವಾಪಸ್ ಬರ್ತಿದಾರಂತೆ. ವಾರಕ್ಕೆರಡು ದಿನ ಬಂದು ಬೆಳ್ಳಿ ಪಾತ್ರೆ ಉಜ್ಜಿ ಕೊಡ್ತೀಯಾ?’ ಎಂದೆ. ಕನ್ನಡಿಯೊಳಗಿನಿಂದ ನೋಡುವ ಹಾಗೆ ಅವಳು ನನ್ನನ್ನೇ ನೋಡಿದಳು. ‘ಯಾವ ಮೆಟ್ಟಿಲು ಹತ್ತಿ ಬರ್ಬೇಕಂತೆ?’ ಎಂದು ಕೇಳಿದಳು. ‘ಅದನ್ನ ಅವರು ಬರೆದಿಲ್ಲ’ ಎಂದೆ. ‘ಹಿಂದಿನ ಮೆಟ್ಟಿಲಾದ್ರೆ ಆಗಲ್ಲ ಅಂತ ಹೇಳು. ನನ್ನ ಕಾಲು ಕೆಟ್ಟಿದ್ದು ಅಲ್ಲೇ’ ಎಂದಳು. ಆದರೂ ನೀವು ಬರುವ ದಿನ ತಪ್ಪದೆ ಬರುತ್ತಾಳಂತೆ.

ಮನೆಯ ಕೆಲಸ ಶುರುವಾಗಿದೆ. ಅಗ್ನಿಶಾಮಕ ದಳದ ಮುಖ್ಯಸ್ಥ ಮಾರ್ವ್ ಶ್ಲೂಟರ್ ಬಂದು ನೋಡಿದ. ಹಗಲು ಕಬ್ಬಿಣದ ಅಂಗಡಿ ನೋಡಿಕೊಳ್ಳುತ್ತಾನೆ. ದಳವೆಂದರೆ ಊರಿನ ಹುಡುಗರೇ, ಯಾರಿಗೂ ಸಂಬಳವಿಲ್ಲ. ಗೋಡೆಯ ಒಂದು ಹಲಗೆ ಎಬ್ಬಿಸಿ ಒಳಗೆ ಬ್ಯಾಟರಿ ಬಿಟ್ಟ. ನೆಲಮಾಳಿಗೆಯಿಂದ ಅಟ್ಟದವರೆಗೆ ಗೋಡೆಯೊಳಗೆ ಟೊಳ್ಳು, ನಡುವೆ ಒಂದು ಅಡ್ಡಪಟ್ಟಿಯೂ ಇಲ್ಲ. ಅವನ ಮುಖ ನೋಡಬೇಕಿತ್ತು.

‘ಇಂಥ ಮನೆ ಮತ್ತೆ ಸಿಗಲ್ಲ ಮಿಸೆಸ್ ರೀಮರ್ಸ್. ನಮ್ಮ ಹುಡುಗ್ರು ಪುಸ್ತಕದಲ್ಲಿ ಮಾತ್ರ ನೋಡಿದಾರೆ’ ಎಂದ.

‘ಹಾಗಾದ್ರೆ ನೋಡ್ಲಿ’ ಎಂದೆ.

‘ಮೊದಲು ಡಾಂಬರು ಹಾಳೆ, ಆಸ್ಬೆಸ್ಟಾಸ್, ಗಾಜು, ಎಲ್ಲ ಹೊರಗೆ ಹೋಗ್ಬೇಕು. ಸರ್ಕಾರದ ನಿಯಮ. ಮಿಕ್ಕಿದ್ದು ನಮಗೆ ಬಿಡಿ. ನಿಮಗೆ ಬೇಜಾರಿಲ್ವಾ?’

‘ಬೇಜಾರಾಗೋಕೆ ನಾನೇನು ವಿಟ್‌ಕಮ್ಮಾ?’ ಎಂದೆ. ಅವನು ನಕ್ಕ.

ಕರಾರು ಪತ್ರದ ಬಗ್ಗೆ ನಿಮ್ಮ ಮಗ ಹೇಳಿದ್ದು ಸರಿ. ಕೇಳುವುದು ಬಿಡುವುದು ನಿಮಗೆ ಸೇರಿದ್ದು.

ಹುಲ್ಡಾ ರೀಮರ್ಸ್

*

ಪೋರ್ಟ್‌ಲ್ಯಾಂಡ್
20 ಫೆಬ್ರವರಿ 1988

ಪ್ರಿಯ ಹುಲ್ಡಾ,

ನಿಮ್ಮ ಪತ್ರವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ, ಆ್ಯಲನ್ ಕೇಳಲಿ ಎಂದು. ನಾನು ಹಳೆಯ ಮನೆಗಳ ಬಗ್ಗೆ ಪತ್ರಿಕೆಗಳನ್ನು ತರಿಸಿ ಓದುತ್ತೇನೆ. ಯಾವ ಮನೆಯನ್ನಾದರೂ ಮೊದಲಿನಂತೆ ಮಾಡಬೇಕಾದರೆ ಮೊದಲನೇ ಕೆಲಸ ಇದೇ. ಮೇಲೆ ಹೊಡೆದ ಆಸ್ಬೆಸ್ಟಾಸ್ ಕಿತ್ತು ಒಳಗಿನ ಅಸಲಿ ಮರವನ್ನು ಬೆಳಕಿಗೆ ತರುವುದು. ನಾನು ಕೇಳದೆಯೇ ನೀವು ಅದನ್ನು ಮಾಡಿಸುತ್ತಿದ್ದೀರಿ. ಅದೂ ಊರಿನ ಹುಡುಗರು ಸಂಬಳವಿಲ್ಲದೆ. ಇಂಥ ಜನ ಈಗಲೂ ಇದ್ದಾರೆಂದು ಆ್ಯಲನ್‌ಗೆ ಹೇಳಿದರೆ ಅವನು ಸುಮ್ಮನೆ ತಟ್ಟೆ ನೋಡಿಕೊಂಡು ಕೂತ.

ಈ ಕರಾರಿನ ಮಾತು ನಮ್ಮ ನಡುವೆ ಬೇಡ. ಕೇಳಿದರೆ ನಿಮಗೆ ಅವಮಾನ ಮಾಡಿದಂತೆ.

ಒಂದು ಸುದ್ದಿ. ಇಲ್ಲಿನ ನನ್ನ ಮನೆಯನ್ನು ಮಾರಿಬಿಟ್ಟೆ. ಏಪ್ರಿಲ್ ಕೊನೆಗೆ ಬಿಟ್ಟುಕೊಡಬೇಕು. ಆ್ಯಲನ್ ಮೂರು ದಿನ ಮಾತು ಬಿಟ್ಟಿದ್ದ.

ಮಿನ್ನಿಗೆ ಹೇಳಿ, ಅವಳಿಗೆ ಯಾವ ಮೆಟ್ಟಿಲು ಸುಲಭವೋ ಅದನ್ನೇ ಹತ್ತಲಿ. ಪಾಪ, ಕಾಲಿಗೇನಾಯಿತು? ನಮ್ಮ ಮನೆಯಲ್ಲಿದ್ದಾಗ ಜಿಂಕೆಯ ಹಾಗೆ ಓಡುತ್ತಿದ್ದಳು.

ಪ್ರೀತಿಯಿಂದ,
ರೋಸಲಿಂಡ್

*

ಪ್ಲಮ್ ಲ್ಯಾಂಡಿಂಗ್
10 ಏಪ್ರಿಲ್ 1988

ಶ್ರೀಮತಿ ಡೇರೋ ಅವರಿಗೆ,

ನಿಮ್ಮ ಮನೆ ಮಾರಿದ್ದು ನಿಮ್ಮಿಷ್ಟ. ಮಾರಿ ಎಂದು ನಾನು ಬರೆದಿರಲಿಲ್ಲ.

ಆಸ್ಬೆಸ್ಟಾಸ್ ಹೋಯಿತು. ಒಳಗಿನ ಹಲಗೆ ಬೂದು ಬಣ್ಣಕ್ಕೆ ತಿರುಗಿದೆ, ಆದರೆ ಒಣಗಿ ಗರಿಗರಿಯಾಗಿದೆ. ಮಾರ್ವ್‌ಗೆ ತುಂಬ ಹಿಡಿಸಿತು. ಚಾವಣಿಯ ಡಾಂಬರು ಹಾಳೆಗಳನ್ನೆಲ್ಲ ಎತ್ತಿದ್ದಾರೆ. ಬಾಗಿಲು ಕಿಟಕಿಯ ಗಾಜು ತೆಗೆದಿದ್ದಾರೆ. ಎರಡು ಶನಿವಾರ ಮನೆಯೊಳಗೆ ಹೊಗೆ ತುಂಬಿಸಿದರು. ಬಾವಲಿಗಳೆಲ್ಲ ಎದ್ದು ನದಿಯ ಕಡೆಗೆ ಹೋದವು, ಊರಿಗೆ ಊರೇ ನಿಂತು ನೋಡಿತು. ಹುಡುಗರು ಮುಖಕ್ಕೆ ಕವಚ ಹಾಕಿಕೊಂಡು, ನೆಲದ ಮೇಲೆ ತೆವಳಿಕೊಂಡು ಕೋಣೆಯಿಂದ ಕೋಣೆಗೆ ಹೋಗಿ ಹೊರಗೆ ಬಂದರು. ಹಿಂದಿನ ಮೆಟ್ಟಿಲಿನಲ್ಲಿ ಒಬ್ಬ ಸಿಕ್ಕಿಹಾಕಿಕೊಂಡ. ‘ಈ ಸಂದೀಲಿ ಮನುಷ್ಯರು ಓಡಾಡ್ತಿದ್ರಾ?’ ಎಂದು ಮಾರ್ವ್ ಕೇಳಿದ. ಓಡಾಡುತ್ತಿದ್ದರು ಎಂದೆ.

ಈ ವಾರ ಪ್ರತಿ ಕೋಣೆಗೂ ಒಣಹುಲ್ಲಿನ ಹೊರೆ ಸಾಗಿಸುತ್ತಾರೆ. ಮೇ ಹದಿನಾಲ್ಕು, ಶನಿವಾರ, ಬೆಳಗ್ಗೆ ಹತ್ತು ಗಂಟೆಗೆ ಎಂದು ಗೊತ್ತಾಗಿದೆ. ಅಂದು ಊರೆಲ್ಲ ಅಲ್ಲಿರುತ್ತದೆ. ಚರ್ಚಿನ ಹೆಂಗಸರು ಚೆರಿ ಹಣ್ಣಿನ ಪೈ ಮಾಡುತ್ತಾರೆ. ನೀವೂ ಬನ್ನಿ. ಮನೆಸಾಮಾನು ಮಾತ್ರ ತರಬೇಡಿ. ಇಡುವುದಕ್ಕೆ ಜಾಗವಿರುವುದಿಲ್ಲ.

ಹುಲ್ಡಾ ರೀಮರ್ಸ್

*

ಪೋರ್ಟ್‌ಲ್ಯಾಂಡ್
22 ಏಪ್ರಿಲ್ 1988

ಪ್ರಿಯ ಹುಲ್ಡಾ,

ಬರುತ್ತೇನೆ. ಬಸ್ಸಿಗೆ ಟಿಕೆಟ್ ತೆಗೆದಾಯಿತು. ಆ್ಯಲನ್ ಬರುವುದಿಲ್ಲ ಎಂದ. ಬೇಡ, ನನಗೆ ದಾರಿ ಗೊತ್ತು.

ಬಾವಲಿಗೆ ಹೊಗೆ ಹಾಕಿಸಿದ್ದು ಒಳ್ಳೆಯದಾಯಿತು. ತಾತನೂ ಪ್ರತಿ ವಸಂತದಲ್ಲಿ ಗಂಧಕದ ಹೊಗೆ ಹಾಕಿಸುತ್ತಿದ್ದರು. ಓಕ್ ಮರದ ನೆಲ ಹಾಳಾಗದಿರಲಿ ಎಂದು ಹುಲ್ಲು ಹಾಸುತ್ತಿದ್ದೀರಲ್ಲ, ಇದು ಯಾರಿಗೆ ಹೊಳೆಯುತ್ತಿತ್ತು ಹೇಳಿ. ಗಾಜುಗಳನ್ನು ತೊಳೆದು ಮತ್ತೆ ಕೂರಿಸುವಾಗ ಬಣ್ಣದ ಕಿಟಕಿಯ ಬಗ್ಗೆ ಎಚ್ಚರವಿರಲಿ. ಅದು ಇನ್ನೂ ಇದೆ ತಾನೇ?

ನನ್ನನ್ನು ಎದುರುಗೊಳ್ಳಲು ಊರೆಲ್ಲ ಸೇರುವುದು ಅತಿಯಾಯಿತು. ಆದರೂ ಸಂತೋಷ. ಹೊಸ ಟೋಪಿ ತೆಗೆದುಕೊಂಡಿದ್ದೇನೆ.

ನಿಮ್ಮ ರೋಸಲಿಂಡ್

*

ಪೋರ್ಟ್‌ಲ್ಯಾಂಡ್
17 ಮೇ 1988

ಶ್ರೀಮತಿ ರೀಮರ್ಸ್,

ಇದನ್ನು ಇವತ್ತೇ ಬರೆಯಬೇಕು.

ರಸ್ತೆಯ ಅಂಚಿನುದ್ದಕ್ಕೂ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ನನಗಾಗಿ ಎಂದುಕೊಂಡೆ. ಕೈ ಬೀಸಿದೆ, ಅವರೂ ಬೀಸಿದರು. ಒಬ್ಬ ಹೆಂಗಸು ಪೈ ಇರುವ ತಟ್ಟೆ ಕೊಟ್ಟು, ‘ಈ ಕಡೆ ಕೂತ್ಕೊಳ್ಳಿ, ಗಾಳಿ ಆ ಕಡೆಗಿದೆ’ ಎಂದಳು. ನೀವು ಕಾಫಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಿಂತಿರಿ. ಮನೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು, ಅಸಲಿ ಮರ, ನಾನು ಮಗುವಾಗಿದ್ದಾಗ ಇದ್ದ ಹಾಗೇ. ‘ಮಿನ್ನಿ ಬರ್ತಾಳಾ?’ ಎಂದು ಕೇಳಿದೆ. ‘ಬಂದಿದಾಳೆ’ ಎಂದಿರಿ. ಜನರ ನಡುವೆ ಹುಡುಕುತ್ತಿದ್ದೆ, ಆಗ ನೆಲಮಾಳಿಗೆಯಿಂದ ಹೊಗೆ ಬಂತು.

‘ಇನ್ನೂ ಬಾವಲಿ ಇದೆಯಾ?’ ಎಂದು ನಿಮ್ಮನ್ನು ಕೇಳಿದೆ. ನೀವು ಕಾಫಿ ಗುಟುಕರಿಸಿದಿರಿ. ಬೆಂಕಿ ಎಲ್ಲೂ ಕಾಣಿಸದೆ ನೇರ ಗೋಪುರದ ತುದಿಯಲ್ಲಿ ಎದ್ದಿತು. ಹೆಲ್ಮೆಟ್ ಹಾಕಿದವನೊಬ್ಬ ಹುಡುಗರಿಗೆ ಕೂಗಿ ಹೇಳುತ್ತಿದ್ದ, ‘ನೋಡ್ಕೊಳ್ರೋ, ಗೋಡೆಯೊಳಗಿಂದ ಹೇಗೆ ಹತ್ತಿತು ನೋಡ್ಕೊಳ್ಳಿ.’ ಗೋಪುರ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ನಾನು ಪೊಲೀಸರನ್ನು ಕರೆಯಿರಿ ಎಂದು ಕೂಗಿದೆ. ಪೊಲೀಸಿನವನು ಪಕ್ಕದ ಕುರ್ಚಿಯಲ್ಲೇ ಕೂತು ಪೈ ತಿನ್ನುತ್ತಿದ್ದ.

ಇಲ್ಲಿನ ನನ್ನ ಮನೆಯೂ ಹೋಯಿತು. ಮಗನ ಮನೆಯಲ್ಲಿ ಹೊಲಿಗೆ ಯಂತ್ರದ ಕೋಣೆಯಲ್ಲಿ ಮಲಗುತ್ತೇನೆ. ಮಾರುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ನಾನು ನಿಮಗೇನು ಮಾಡಿದ್ದೆ? ನಿಮ್ಮ ಪರಿಚಯವೇ ನನಗಿರಲಿಲ್ಲ.

ರೋಸಲಿಂಡ್ ವಿಟ್‌ಕಮ್ ಡೇರೋ

*

ಪ್ಲಮ್ ಲ್ಯಾಂಡಿಂಗ್
26 ಮೇ 1988

ಮಿಸ್ ರೋಸಲಿಂಡ್‌ಗೆ,

ಆ ಮನೆಯಲ್ಲಿ ನಿಮ್ಮನ್ನು ಹೀಗೆಯೇ ಕರೆಯಬೇಕಿತ್ತು. ನಿಮಗೆ ಆರು ವರ್ಷ, ನನಗೆ ಹದಿನಾಲ್ಕು.

ಪಕ್ಕದಲ್ಲಿ ನಿಂತಿದ್ದೆ. ನಿಮ್ಮ ಟೋಪಿ ಗಾಳಿಗೆ ಹಾರಿದಾಗ ಎತ್ತಿ ಕೊಟ್ಟೆ. ನೀವು ಥ್ಯಾಂಕ್ಸ್ ಎಂದು ನನ್ನ ಹೆಗಲ ಮೇಲಿಂದ ಆಚೆ ನೋಡಿ ಮಿನ್ನಿಯನ್ನು ಹುಡುಕಿದಿರಿ. ಗುರುತು ಹಿಡಿದಿದ್ದರೆ ಬೆಂಕಿ ನಿಲ್ಲಿಸಿ ಎನ್ನುತ್ತಿದ್ದೆನೇನೋ. ಎನ್ನುತ್ತಿರಲಿಲ್ಲ. ಆದರೂ ನೋಡೋಣ ಎಂದು ನಿಂತಿದ್ದೆ.

ಮಿನ್ನಿ ಎಂಬವಳು ಯಾರೂ ಇರಲಿಲ್ಲ. ನನಗಿಂತ ಮುಂಚೆ ಆ ಕೆಲಸದಲ್ಲಿದ್ದ ಹುಡುಗಿಯನ್ನೂ ಮಿನ್ನಿ ಎಂದೇ ಕರೆಯುತ್ತಿದ್ದರು, ನನ್ನ ನಂತರ ಬಂದವಳನ್ನೂ. ಹೊಸ ಹುಡುಗಿ ಬಂದಾಗಲೆಲ್ಲ ಹೊಸ ಹೆಸರು ಕಲಿಯುವುದು ನಿಮ್ಮ ಅಜ್ಜಿಗೆ ಬೇಸರ. ನೀವು ನೆನಪಿಟ್ಟುಕೊಂಡ ಮಿನ್ನಿ ಎಷ್ಟು ಜನ ಎಂದು ನನಗೂ ಗೊತ್ತಿಲ್ಲ. ಗಂಟೆಯ ಆಟದವಳು ನಾನು.

ಒಂದು ಬೆಳಗ್ಗೆ ನಿಮ್ಮ ಅಜ್ಜಿಯ ಸ್ನಾನಕ್ಕೆ ಕುದಿಯುವ ನೀರಿನ ಕೆಟಲ್ ಹಿಡಿದು ಹಿಂದಿನ ಮೆಟ್ಟಿಲಿನ ತಿರುವಿನಲ್ಲಿದ್ದೆ. ಗಂಟೆ ಹೊಡೆಯಿತು. ಕೂಡಲೇ ಇನ್ನೊಂದು ಕೋಣೆಯದು. ತಡವಾದರೆ ಬೈಗುಳ, ಅದಕ್ಕೆ ಓಡಿದೆ. ನೀರು ಎಡಗಾಲಿನ ಮೇಲೆ ಬಿತ್ತು. ಅಡುಗೆಯವಳು ಹಂದಿಕೊಬ್ಬು ಸವರಿ ಬಟ್ಟೆ ಕಟ್ಟಿದಳು. ಡಾಕ್ಟರನ್ನು ಯಾರೂ ಕರೆಸಲಿಲ್ಲ. ಮೇಲೆ ನೀವು ಗಂಟೆ ಹೊಡೆಯುತ್ತಲೇ ಇದ್ದಿರಿ. ಮುಂದಿನ ವಾರ ನಿಮ್ಮ ಅಜ್ಜಿ ಬಂದು, ‘ಊಟದ ಕೋಣೇಲಿ ಕುಂಟೋ ಹುಡುಗಿ ಚೆನ್ನಾಗಿ ಕಾಣಲ್ಲ’ ಎಂದು ಮನೆಗೆ ಕಳಿಸಿದರು. ನಿಮಗೆ ನನ್ನ ಮದುವೆ ಎಂದು ಹೇಳಿದರೋ? ಆಗಲಿ, ಆಮೇಲೆ ಆಯಿತು.

ಆ ಮನೆ ಕೊಂಡ ದಿನ ಮೊದಲು ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಮೊಳೆ ಹೊಡೆದೆ. ಮೂವತ್ತು ವರ್ಷಕ್ಕೂ ಮೇಲೆ ಕುಂಟಿಕೊಂಡು ಮುಂದಿನ ಮೆಟ್ಟಿಲನ್ನೇ ಹತ್ತಿದೆ. ಅಷ್ಟಾದರೂ ಮನೆ ನನ್ನದಾಗಲಿಲ್ಲ. ಅಂಚೆಯವನು ಇವತ್ತಿಗೂ ವಿಟ್‌ಕಮ್ ಮನೆ ಎನ್ನುತ್ತಾನೆ.

ನಾನು ಒಂದೂ ಸುಳ್ಳು ಬರೆದಿಲ್ಲ. ಹಳೇ ಕಾಗದಗಳನ್ನು ತೆಗೆದು ನೋಡಿ. ಅಗ್ನಿಶಾಮಕ ದಳ, ಹೊಗೆ, ಹುಲ್ಲು, ಎಲ್ಲ ಬರೆದಿದ್ದೇನೆ. ಡುವೇನ್ ಆಗಿದ್ದರೆ ಫೆಬ್ರವರಿಯ ಕಾಗದಕ್ಕೇ ತಿಳಿದುಕೊಳ್ಳುತ್ತಿದ್ದ, ಈ ಸೀಮೆಯಲ್ಲಿ ಯಾರಿಗೂ ಬೇಡವಾದ ಮನೆಯನ್ನು ಬೆಂಕಿ ಹಚ್ಚಿ ಅಭ್ಯಾಸ ಮಾಡಲಿ ಎಂದು ದಳದವರಿಗೆ ಕೊಡುವುದು ಮಾಮೂಲು. ನಿಮಗೆ ಮಾತ್ರ ಊರಿನವರೆಲ್ಲ ನಿಮ್ಮ ಸೇವೆಗೆ ಓಡಾಡುತ್ತಿದ್ದಾರೆ ಎಂದು ಕಂಡಿತು.

ಮಾರುವುದಿಲ್ಲ ಎಂದು ಒಂದು ಸಾಲು ಬರೆಯಬಹುದಿತ್ತು, ಹೌದು. ಬರೆದಿದ್ದರೆ ನೀವು ಬೇರೆ ಯಾವುದಾದರೂ ಮನೆ ಕೊಂಡು ಸುಖವಾಗಿರುತ್ತಿದ್ದಿರಿ. ನೀವು ಇದನ್ನು ಕಣ್ಣಾರೆ ಕಳೆದುಕೊಳ್ಳಬೇಕಿತ್ತು. ನಾನು ಪಕ್ಕದಲ್ಲಿರಬೇಕಿತ್ತು. ಎರಡೂ ಆಯಿತು.

ಹುಲ್ಡಾ

*

ಪೋರ್ಟ್‌ಲ್ಯಾಂಡ್
19 ಜೂನ್ 1988

ಪ್ರಿಯ ಹುಲ್ಡಾ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು ಎಂದುಕೊಳ್ಳುತ್ತೇನೆ. ಬಂದದ್ದನ್ನು ಆ್ಯಲನ್ ಎಲ್ಲೋ ಎತ್ತಿಡುತ್ತಾನೆ. ಕೇಳಿದರೆ ಹೇಳುವುದಿಲ್ಲ.

ಅವತ್ತಿನ ಕೂಟ ಎಷ್ಟು ಚೆನ್ನಾಗಿತ್ತು. ಅಷ್ಟು ಜನ ನನಗಾಗಿ ಬಂದಿದ್ದರು. ಚೆರಿ ಹಣ್ಣಿನ ಪೈ ತಿಂದೆ. ಯಾರೋ ನನ್ನ ಟೋಪಿ ಎತ್ತಿ ಕೊಟ್ಟರು. ಮನೆಯೊಳಗೆ ಹೋಗಿ ನೋಡಲು ಮಾತ್ರ ಆಗಲಿಲ್ಲ, ಬಾವಲಿಯ ಹೊಗೆ ಇನ್ನೂ ಇತ್ತು. ಯಾರೋ ಫೋನು ಮಾಡಿ ಕರೆಸಿದರಂತೆ, ಆ್ಯಲನ್ ಬಂದು ಕರೆದುಕೊಂಡು ಬಂದ. ನಾನು ಅಳುತ್ತಿದ್ದೆನಂತೆ. ಸಂತೋಷಕ್ಕೆ ಇರಬೇಕು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೋದ ವರ್ಷವೇ ಡಾಕ್ಟರು ನನ್ನ ತಲೆಯ ಚಿತ್ರ ತೆಗೆಸಿ ಹೇಳಿದ್ದರು, ಹಳೆಯದು ಬಹಳ ದಿನ ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ ಎಂದು. ಗೊತ್ತಾದರೆ ನೀವು ಮರೆವಿನ ಮುದುಕಿಗೆ ಮನೆ ಕೊಡುವುದಿಲ್ಲವೇನೋ ಎಂಬ ಭಯ. ಅದಕ್ಕೇ ಅಷ್ಟು ಅವಸರ ಮಾಡಿದ್ದು. ಇಲ್ಲಿ ಬೆಳಗ್ಗೆ ಎದ್ದರೆ ಯಾರ ಮನೆ ಎಂದು ತಿಳಿಯುವುದಿಲ್ಲ. ಆ ಮನೆಯಲ್ಲಾದರೆ ಕತ್ತಲಲ್ಲೂ ಓಡಾಡಬಲ್ಲೆ.

ಯಾವಾಗ ಬರಲಿ? ಬೀಗದ ಕೈ ಯಾರ ಹತ್ತಿರ ಇಸಿದುಕೊಳ್ಳಲಿ? ನನ್ನ ಪೆಟ್ಟಿಗೆ ಕಟ್ಟಿಯೇ ಇದೆ. ಆ್ಯಲನ್ ಬಿಚ್ಚಿಡುತ್ತಾನೆ, ನಾನು ಮತ್ತೆ ಕಟ್ಟುತ್ತೇನೆ.

ಪ್ರೀತಿಯಿಂದ,
ರೋಸಲಿಂಡ್

*

ಪ್ಲಮ್ ಲ್ಯಾಂಡಿಂಗ್
1 ಜುಲೈ 1988

ಮಿಸ್ ರೋಸಲಿಂಡ್‌ಗೆ,

ನಿಮ್ಮ ಕಾಗದ ಓದಿ ಮೊದಲು ನನ್ನನ್ನು ಅಣಕಿಸುತ್ತಿದ್ದೀರಿ ಎಂದುಕೊಂಡೆ. ಎರಡು ಸಲ ಓದಿದೆ. ಆಮೇಲೆ ಪಕ್ಕದ ಮನೆಯ ಎಲ್ಡೋರಾಗೆ ತೋರಿಸಿದೆ. ಅವಳ ತಾಯಿಗೂ ಇದೇ ಕಾಯಿಲೆ ಇತ್ತು.

ಎಲ್ಡೋರಾ ಓದಿ ಕಣ್ಣು ಒರೆಸಿಕೊಂಡಳು. ‘ಹೂಂ ಅಂದುಬಿಡು ಹುಲ್ಡಾ. ಮನೆ ಇದೆ, ಮುಂದಿನ ತಿಂಗಳು ಬನ್ನಿ ಅಂತ ಬರಿ. ಪ್ರತಿ ತಿಂಗಳೂ ಹಾಗೇ ಬರಿ. ಅವರಿಗೆ ಸಮಾಧಾನ ಆಗತ್ತೆ, ನಿಂಗೇನು ಖರ್ಚು?’

‘ನಿಜ ಹೇಳಿದ್ರೆ ಏನಾಗತ್ತೆ?’ ಎಂದೆ.

‘ನಮ್ಮಮ್ಮ ಅಪ್ಪ ಎಲ್ಲಿ ಅಂತ ಕೇಳೋಳು. ಸತ್ತು ಹೋದ್ರು ಅಂತಿದ್ವಿ. ಪ್ರತಿ ಸಲಾನೂ ಅವಳಿಗೆ ಅವತ್ತೇ ಸತ್ತ ಹಾಗೆ. ಎದೆ ಬಡ್ಕೊಂಡು ಅಳೋಳು. ಮಾರನೇ ದಿನ ಮತ್ತೆ ಕೇಳೋಳು, ಮತ್ತೆ ಅದೇ ಅಳು. ಪಾಪ ಸುತ್ಕೊಳ್ಳತ್ತೆ ಅಂತ ಹೇಳೋದು ಬಿಟ್ವಿ.’

‘ಪ್ರತಿ ಸಲಾನೂ ಅಷ್ಟೇ ಅಳೋರಾ? ಒಂಚೂರೂ ಕಮ್ಮಿ ಆಗ್ತಿರ್ಲಿಲ್ವಾ?’

‘ಇಲ್ಲ ಕಣೇ. ಅದೇ ನೋಡು ಕಷ್ಟ.’

ಎಲ್ಡೋರಾ ಒಳ್ಳೆಯವಳು. ಅವಳ ಮಾತನ್ನು ಗಮನವಿಟ್ಟು ಕೇಳಿದೆ.

ಮಿಸ್ ರೋಸಲಿಂಡ್, ನಿಮ್ಮ ಮನೆ ಇಲ್ಲ. ಮೇ ಹದಿನಾಲ್ಕರಂದು ಸುಟ್ಟುಹೋಯಿತು. ಆಕಸ್ಮಿಕವಲ್ಲ, ನಾನು ಸುಡಿಸಿದ್ದು. ಮೆಟ್ಟಿಲಿಲ್ಲ, ಗೋಪುರವಿಲ್ಲ. ಮಾರ್ವ್ ನೆಲಮಾಳಿಗೆಗೆ ಮಣ್ಣು ತುಂಬಿಸಿ ಸಮ ಮಾಡಿಸಿದ್ದಾನೆ. ಹೋದ ವಾರ ಹುಲ್ಲು ಬಿತ್ತಿದೆವು, ಹಸಿರು ಕಾಣುತ್ತಿದೆ. ನೀವು ಅಲ್ಲೇ ನಿಂತು ನೋಡಿದಿರಿ. ಅತ್ತದ್ದು ಅದಕ್ಕೆ.

ನಿಮ್ಮ ಮಗ ಎತ್ತಿಡುವ ಮುಂಚೆ ಇದನ್ನು ಒಮ್ಮೆ ಪೂರ್ತಿ ಓದಿ. ಅವನಿಗೆ ತಿಳಿಯದಿರಲಿ ಎಂದು ಲಕೋಟೆಯ ಹಿಂದೆ ಎಲ್ಡೋರಾ ಹೆಸರು ಹಾಕಿದ್ದೇನೆ. ಮರೆತುಹೋದರೆ ಚಿಂತೆ ಮಾಡಬೇಡಿ. ಆಗಸ್ಟ್ ಒಂದನೇ ತಾರೀಖು ಮತ್ತೆ ಬರೆಯುತ್ತೇನೆ. ಸೆಪ್ಟೆಂಬರಿನಲ್ಲೂ ಬರೆಯುತ್ತೇನೆ. ನನಗೆ ಬೇರೆ ಕೆಲಸವಿಲ್ಲ, ನೆನಪಿನ ಶಕ್ತಿ ಚೆನ್ನಾಗಿದೆ.

ಹುಲ್ಡಾ ರೀಮರ್ಸ್